ಪೀಣ್ಯದಿಂದ ಹೊತ್ತೊಯ್ದ ಕೆಂಪು ಶಾಫ್ಟು

ಪೀಣ್ಯದಲ್ಲಿ ನಮ್ಮ ಸಾಲಿನ ಕಾರ್ಖಾನೆ ಶೆಡ್ಡುಗಳಿಗೆ ವಾರಕ್ಕೊಂದು ದಿನ ಕರೆಂಟ್ ಕೊಡುತ್ತಿರಲಿಲ್ಲ. ಅದೇ ನಮ್ಮ ವಾರದ ರಜೆ. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಫೆಬ್ರವರಿಯ ಅಂಥದೊಂದು ರಜೆಯ ದಿನ ಬೆಳಿಗ್ಗೆ ಆರೂವರೆಗೆ ರೂಮಿಗೆ ಬೀಗ ಹಾಕಿ ಹೊರಟೆ. ಹೋಗಬೇಕಾಗಿದ್ದದ್ದು ಬೆಂಗಳೂರಿನ ಇನ್ನೊಂದು ತುದಿಗೆ, ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಇಳಿದು ಒಳಗೆ ನಡೆಯಬೇಕಾದ ಒಂದು ಹಳ್ಳಿಗೆ. ಹಿಂದೆ ನಮ್ಮ ಶೆಡ್ಡಿನಲ್ಲಿದ್ದ ಪಿಳ್ಳಪ್ಪಣ್ಣನನ್ನು ನೋಡಬೇಕಿತ್ತು. ಅವರು ಬದುಕಿರುವಾಗಲೇ ನೋಡಬೇಕಿತ್ತು.

ಹೆಗಲಿನ ಬಟ್ಟೆಚೀಲ ಭಾರವಾಗಿತ್ತು. ಅದರೊಳಗೆ ಗೇಣುದ್ದದ ಒಂದು ಉಕ್ಕಿನ ಶಾಫ್ಟು, ಅದರ ತುದಿಗೆ ಕೆಂಪು ಬಣ್ಣ. ಮರದ ಪೆಟ್ಟಿಗೆಯಲ್ಲಿ ದಪ್ಪ ಅಳೆಯುವ ಒಂದು ಮೈಕ್ರೋಮೀಟರ್. ಮೇಲೆ ಆರು ಕಿತ್ತಳೆಹಣ್ಣು. ಹಣ್ಣು ರೋಗಿಗೆ. ಉಳಿದ ಎರಡು ಯಾಕೆ ಎಂದು ಹೇಳಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮಪ್ಪ ನೆಲಮಂಗಲದ ಕಡೆ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಬಿ.ಎಸ್ಸಿ. ಮುಗಿಸಿದೆ. ಶೆಡ್ಡಿನಲ್ಲಿ ನನ್ನದು ತಪಾಸಣೆಯ ಕೆಲಸ. ಲೇತ್ ಮೇಲೆ ತಯಾರಾದ ಶಾಫ್ಟುಗಳನ್ನು ಅಳೆದು, ಪಾಸ್ ಇಲ್ಲವೇ ರಿಜೆಕ್ಟ್ ಎಂದು ಚೀಟಿ ಬರೆಯುವುದು. ಪ್ರತಿ ಚೀಟಿಯಲ್ಲೂ ಹೆಸರಿನ ಪಕ್ಕದಲ್ಲಿ ಬಿ.ಎಸ್ಸಿ. ಎಂದು ಬರೆಯುತ್ತಿದ್ದೆ. ಮಿಕ್ಕವರು ಹಿಂದಿನಿಂದ ನಗುತ್ತಿದ್ದರು, ಗೊತ್ತಿತ್ತು. ನಗದೆ, ಬಾಯಿತುಂಬ 'ಬಿಯೆಸ್ಸಿ ಸಾರ್' ಎಂದು ಕರೆಯುತ್ತಿದ್ದವರು ಲೇತ್ ನಡೆಸುವ ಟರ್ನರ್ ಪಿಳ್ಳಪ್ಪಣ್ಣ ಒಬ್ಬರೇ. ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವರು. ಓದು ಬರಹ ಅಷ್ಟಕ್ಕಷ್ಟೆ.

ಶಾಫ್ಟು ಅಳೆಯುವುದಕ್ಕೆ ಲಾಳದ ಆಕಾರದ ಒಂದು ಗೇಜ್ ಇರುತ್ತದೆ. ನಮ್ಮವರು ಅದನ್ನು ಲಾಳ ಎಂದೇ ಕರೆಯುತ್ತಿದ್ದರು. ಅದಕ್ಕೆ ಎರಡು ಬಾಯಿ. ಒಂದು ಗೋ, ಇನ್ನೊಂದು ನೋ-ಗೋ. ಶಾಫ್ಟು ಗೋ ಬಾಯಲ್ಲಿ ತೂರಬೇಕು, ನೋ-ಗೋ ಬಾಯಲ್ಲಿ ತೂರಬಾರದು. ಎರಡರಲ್ಲೂ ತೂರಿದರೆ ಶಾಫ್ಟು ಸಣ್ಣಗಾಗಿದೆ ಎಂದರ್ಥ. ಸಣ್ಣಗಾದದ್ದನ್ನು ದಪ್ಪ ಮಾಡಲು ಬರುವುದಿಲ್ಲ. ಕೆಂಪು ಬಣ್ಣ ಬಳಿದು ಗುಜರಿಗೆ.

ಎರಡು ವರ್ಷದ ಹಿಂದೆ ಒಂದು ಸಂಜೆ ಆ ಲಾಳ ನನ್ನ ಕೈಯಿಂದ ಜಾರಿ ಸಿಮೆಂಟ್ ನೆಲಕ್ಕೆ ಬಿತ್ತು. ಬಿದ್ದ ಗೇಜನ್ನು ಮತ್ತೆ ಪರೀಕ್ಷೆಗೆ ಕಳಿಸದೆ ಬಳಸಬಾರದು, ಇದು ನಿಯಮ. ಕಳಿಸಿದರೆ ಯಾರು ಬೀಳಿಸಿದ್ದು ಎಂದು ಬರೆಯಬೇಕು. ಓದಿದವನ ಕೈ ನೋಡ್ರೋ ಎಂದು ನಗುತ್ತಾರೆ. ಸುತ್ತ ನೋಡಿದೆ, ಯಾರೂ ಕಂಡಿರಲಿಲ್ಲ. ಒರೆಸಿ ಪೆಟ್ಟಿಗೆಯಲ್ಲಿಟ್ಟೆ.

ಮರುದಿನ ಪಿಳ್ಳಪ್ಪಣ್ಣ ಮಾಡಿದ ಶಾಫ್ಟುಗಳ ಲಾಟು ಬಂತು. ಒಂದಾದ ಮೇಲೊಂದು ಶಾಫ್ಟು ಎರಡು ಬಾಯಲ್ಲೂ ತೂರಿತು. ಅವರು ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮೇಜಿನ ಮುಂದೆ ನಿಂತರು. "ಸಾರ್, ಒಂದೇ ಒಂದ್ಸಲ ಮೈಕ್ರೋಮೀಟ್ರು ಹಿಡೀರಿ. ನನ್ ಬೆರಳು ಬೇರೆ ಹೇಳ್ತೈತೆ," ಎಂದರು. ಶೆಡ್ಡಿಗೆಲ್ಲ ಇದ್ದ ಒಂದೇ ಮೈಕ್ರೋಮೀಟರ್ ನನ್ನ ಮೇಜಿನಲ್ಲಿ ಬೀಗದೊಳಗಿತ್ತು. ಅದನ್ನು ತೆಗೆದರೆ ಹಿಂದಿನ ಸಂಜೆಯದು ಹೊರಬೀಳಬಹುದಿತ್ತು. "ಗೇಜ್ ಇರೋವಾಗ ಅದ್ಯಾಕ್ರೀ?" ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿ, "ಸರಿ ಬಿಡಿ, ಓದಿದೋರು ನೀವು," ಎಂದು ಹೋದರು.

ಅಷ್ಟೂ ಶಾಫ್ಟಿಗೆ ಕೆಂಪು ಬಣ್ಣ ಬಿತ್ತು. ಆ ವಾರವೇ ಮಾಲೀಕರು ಅವರನ್ನು ಮನೆಗೆ ಕಳಿಸಿದರು. 'ಕೈ ಹೋಗಿದೆ' ಎಂದರು. ಟರ್ನರ್‌ಗೆ ಕೈ ಹೋಗಿದೆ ಎಂದರೆ ಹಾಡುವವನಿಗೆ ಗಂಟಲು ಹೋದ ಹಾಗೆ. ಪೀಣ್ಯದಲ್ಲಿ ಆ ಮಾತು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಬೀಡಿ ಹೊಗೆಯಷ್ಟೇ ಸಲೀಸಾಗಿ ಹೋಗುತ್ತದೆ. ಅವರಿಗೆ ಬೇರೆಲ್ಲೂ ಕೆಲಸ ಸಿಗಲಿಲ್ಲ. ಆ ಅಳತೆಯ ಶಾಫ್ಟಿನ ಆರ್ಡರೂ ನಿಂತುಹೋಯಿತು. ಲಾಳ ಪೆಟ್ಟಿಗೆಯಲ್ಲೇ ಉಳಿಯಿತು. ಕೆಂಪು ಶಾಫ್ಟುಗಳಲ್ಲಿ ಒಂದನ್ನು ನಾನು ಚೀಟಿ ಹಾರದಿರಲಿ ಎಂದು ಮೇಜಿನ ಮೇಲೆ ಇಟ್ಟುಕೊಂಡೆ. ಎರಡು ವರ್ಷ ಅದು ನನ್ನ ಕಣ್ಣೆದುರೇ ಇತ್ತು.

ನಾನು ಹೊರಡುವ ಹಿಂದಿನ ವಾರ ಅದೇ ಆರ್ಡರ್ ಮತ್ತೆ ಬಂತು. ಲಾಳವನ್ನು ಪರೀಕ್ಷೆಗೆ ಕಳಿಸಿದರು. ಅದು ಚೀಟಿ ಕಟ್ಟಿಕೊಂಡು ವಾಪಸು ಬಂತು: 'ನೋ-ಗೋ ಬಾಯಿ ಅಗಲವಾಗಿದೆ. ಬಳಸಬಾರದು.' ಬೀಗ ತೆಗೆದು, ಮೇಜಿನ ಮೇಲಿದ್ದ ಶಾಫ್ಟಿಗೆ ಮೈಕ್ರೋಮೀಟರ್ ಹಿಡಿದೆ. ಇರಬೇಕಾದ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಚೀಟಿ ಹಿಡಿದುಕೊಂಡು ಮಾಲೀಕರ ಹತ್ತಿರ ಹೋದೆ. "ಮುಗಿದ ಕತೆ ಕಣ್ರೀ, ಹೊಸ ಗೇಜ್ ತರಿಸಿ," ಎಂದರು. ಅದೇ ವಾರ ಪಕ್ಕದ ಶೆಡ್ಡಿನ ವೆಲ್ಡರ್ ಕ್ಯಾಂಟೀನಿನಲ್ಲಿ ಹೇಳಿದ: "ನಿಮ್ ಪಿಳ್ಳಪ್ಪಣ್ಣಂಗೆ ಎದೇಲಿ ಗಡ್ಡೆ ಅಂತೆ ಸಾರ್. ಆಸ್ಪತ್ರೆಯೋರು ಇನ್ನು ಮನೇಲೇ ಇಟ್ಕೊಳ್ಳಿ ಅಂತ ಕಳಿಸವ್ರಂತೆ."

ಪೀಣ್ಯದಿಂದ ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಒಂದು ಗಂಟೆ ಹಿಡಿಯಿತು. ಚಳಿ ಇನ್ನೂ ಬಿಟ್ಟಿರಲಿಲ್ಲ. ಯಶವಂತಪುರದಲ್ಲಿ ರೈಲ್ವೆ ಗೇಟು ಹಾಕಿ, ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಣಿಸಿಕೊಂಡು ಹೋಗುವಷ್ಟು ಹೊತ್ತು ನಿಲ್ಲಿಸಿದರು. ಮೆಜೆಸ್ಟಿಕ್‌ನಿಂದ ಮಾರ್ಕೆಟ್ಟಿಗೆ ನಡೆದೇ ಹೋದೆ. ಮಾರ್ಕೆಟ್ ಪಕ್ಕದ ಹೋಟೆಲಿನಲ್ಲಿ ಎರಡು ಇಡ್ಲಿ ತರಿಸಿ ಒಂದನ್ನು ಹಾಗೇ ಬಿಟ್ಟೆ. ಎದುರು ಕೂತಿದ್ದ ಹೂವಿನ ವ್ಯಾಪಾರಿ, "ಯಾಕೆ ಸಾರ್, ಚೆನ್ನಾಗಿಲ್ವಾ?" ಎಂದು ಕೇಳಿ, ಚೆನ್ನಾಗಿದೆ ಎಂದ ಮೇಲೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಆನೇಕಲ್ ಬಸ್ಸು ಸಿಕ್ಕಿದ್ದು ಒಂಬತ್ತಕ್ಕೆ. ಎಲೆಕ್ಟ್ರಾನಿಕ್ ಸಿಟಿ ಒಂದು ಎಂದೆ. ಕಂಡಕ್ಟರ್ ಕಿವಿಯ ಪೆನ್ಸಿಲ್ ತೆಗೆದು ನನ್ನನ್ನೊಮ್ಮೆ ನೋಡಿದರು.

"ಸಿಟಿ ಇನ್ನೂ ಬಂದಿಲ್ಲ ಸಾರ್, ಬೋರ್ಡು ಮಾತ್ರ ಬಂದೈತೆ. ಬೋರ್ಡಿಗೆ ಕೊಡ್ಲಾ?"

ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕೆ.

ಮಡಿವಾಳ ದಾಟುವವರೆಗೆ ಊರು, ಬೊಮ್ಮನಹಳ್ಳಿ ದಾಟಿದ ಮೇಲೆ ಹೊಲ. ಒಂದು ಕಡೆ ರಸ್ತೆಗೆ ಅಡ್ಡಲಾಗಿ ಹುರುಳಿ ಗಿಡ ಹರಡಿದ್ದರು. ಲಾರಿ ಬಸ್ಸು ತುಳಿದರೆ ಕಾಳು ತಾನೇ ಉದುರುತ್ತದೆ. ನಮ್ಮ ಬಸ್ಸು ಅದರ ಮೇಲೆ ಹಾಯ್ದು ಇನ್ನೂರು ಗಜ ಹೋಗುವುದರೊಳಗೆ ನಿಂತಿತು. ಹುರುಳಿ ಬಳ್ಳಿ ಚಕ್ರದ ಒಳಗೆ ಸುತ್ತಿಕೊಂಡು ಸುಟ್ಟ ವಾಸನೆ ಬರುತ್ತಿತ್ತು. ಎಲ್ಲರೂ ಇಳಿದು ಹುಣಸೆಮರದ ಕೆಳಗೆ ನಿಂತೆವು. ಮುಕ್ಕಾಲು ಗಂಟೆ ಹೋಯಿತು. ನಾನು ಎರಡು ಸಲ ಡ್ರೈವರ್ ಹತ್ತಿರ ಹೋಗಿ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. ಎರಡನೇ ಸಲ ಆತ ಬಸ್ಸಿನ ಕೆಳಗಿನಿಂದಲೇ, "ಸತ್ತೋಗೋ ಅಂಥದ್ದು ಏನಾಗೈತೆ ಗುರು? ಇರು!" ಎಂದ.

ಎಲೆಕ್ಟ್ರಾನಿಕ್ ಸಿಟಿಯ ಬೋರ್ಡಿನ ಹತ್ತಿರ ಇಳಿದಾಗ ಹನ್ನೊಂದಾಗಿತ್ತು, ಬಿಸಿಲು ಏರಿತ್ತು. ತಂತಿ ಬೇಲಿ, ಕಲ್ಲುಕಂಬ, ಬೇಲಿಯೊಳಗೆ ದೂರದೂರಕ್ಕೆ ಒಂದೊಂದು ಹೊಸ ಕಟ್ಟಡ. ಅಲ್ಲಿಂದ ಮೂರು ಮೈಲಿ ಕೆಮ್ಮಣ್ಣಿನ ದಾರಿ. ಅದೇ ಬಸ್ಸಿನಿಂದ ಇಳಿದ ಮುದುಕರೊಬ್ಬರು ಜೊತೆಯಾದರು. ತಲೆಗೆ ಟವಲು, ಕೈಯಲ್ಲಿ ಹೊಸ ಕುಡುಗೋಲು. ಬೇಲಿಯೊಳಗಿನ ಒಂದು ಮಾವಿನಮರ ತೋರಿಸಿ, "ಅದು ನಂದಾಗಿತ್ತು. ಈಗ ಅದ್ರ ಕೆಳಗೆ ಕುಂತ್ರೆ ವಾಚ್‌ಮನ್ ಎಬ್ಬಿಸ್ತಾನೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ಯಾರ ಮನೆಗೆ ಎಂದು ಕೇಳಿದರು.

"ಪಿಳ್ಳಪ್ಪನವರ ಮನೆಗೆ."

"ಪಿಳ್ಳಪ್ಪನಾ? ಅಯ್ಯೋ ಸಾಮಿ, ಲೇಟಾಗ್ ಬಂದ್ರಿ. ಮೊನ್ನೆ ಮಣ್ಣು ಮಾಡಿದ್ವಲ್ಲ."

ನಾನು ನಿಂತುಬಿಟ್ಟೆ. ಆ ಗಳಿಗೆ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಇಲ್ಲಿ ಬರೆಯದಿದ್ದರೆ ಈ ಪ್ರವಾಸವನ್ನು ಬರೆದು ಪ್ರಯೋಜನವಿಲ್ಲ. ದುಃಖಕ್ಕಿಂತ ಮೊದಲು ಬಂದದ್ದು ಹಗುರ. ಇನ್ನು ಹೇಳಬೇಕಾಗಿಲ್ಲ ಎಂಬ ಹಗುರ. ಹಣ್ಣು ಕೊಟ್ಟು, ಕೈಮುಗಿದು ವಾಪಸು ಹೋಗಬಹುದು. ಹೆಗಲ ಮೇಲಿನ ಶಾಫ್ಟು ಮಾತ್ರ ಹಗುರವಾಗಲಿಲ್ಲ.

ಮುದುಕರು ನಾಲ್ಕು ಹೆಜ್ಜೆ ಮುಂದೆ ಹೋದವರು ತಿರುಗಿದರು. "ತಡೀರಿ, ತಡೀರಿ. ನಮ್ಮೂರಲ್ಲಿ ಪಿಳ್ಳಪ್ಪಂದಿರು ಮೂರ್ ಜನ. ನೀವು ಪ್ಯಾಂಟು ಹಾಕೋರು... ಪೀಣ್ಯದಾಗಿದ್ನಲ್ಲ, ಆ ಪಿಳ್ಳಪ್ಪನಾ?"

"ಹೌದು, ಹೌದು."

"ಮಿಶನ್ ಪಿಳ್ಳಪ್ಪ! ಅವ್ನು ಇನ್ನೂ ಅವ್ನೆ ಕಣ್ರೀ, ಗಟ್ಟಿಗ! ಹೋಗಿದ್ದು ಕೋಳಿ ಪಿಳ್ಳಪ್ಪ." ಎರಡು ಹೆಜ್ಜೆ ಹಾಕಿ ಮತ್ತೆ ಹೇಳಿದರು, "ಇವ್ನೂ ಇನ್ನೇನು ಹೊರಟವ್ನೆ. ಊರೆಲ್ಲ ನಗಿಸ್ತಾ ಹೊರಟವ್ನೆ."

ಊರು ನಲವತ್ತು ಮನೆಯದು. ಮುದುಕರು ತೋರಿಸಿದ ಮನೆಯ ಬಾಗಿಲಿಗೆ ಹಸಿ ಮಾವಿನ ತೋರಣ ಕಟ್ಟಿತ್ತು, ಮುಂದೆ ದೊಡ್ಡ ರಂಗೋಲಿ. ಸಾವು ಕಾಯುತ್ತಿರುವ ಮನೆ ಹೀಗಿರುವುದಿಲ್ಲ, ಮನೆ ತಪ್ಪಿತು ಎಂದುಕೊಂಡು ಮುಂದೆ ಹೋಗುತ್ತಿದ್ದೆ.

"ಬಿಯೆಸ್ಸಿ ಸಾರ್!"

ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕಂಬಳಿ ಹೊದ್ದು ಕೂತಿದ್ದವರನ್ನು ನಾನು ಪಿಳ್ಳಪ್ಪಣ್ಣನ ಅಪ್ಪನಿರಬೇಕು ಎಂದುಕೊಂಡಿದ್ದೆ. ಧ್ವನಿಯಿಂದ ಗುರುತು ಹತ್ತಿತು. ಮುಖದಲ್ಲಿ ಮೂಗು, ಕಣ್ಣು ಬಿಟ್ಟರೆ ಏನೂ ಉಳಿದಿರಲಿಲ್ಲ. ಮೈಮೇಲೆ ಹೊಸ ಬನಿಯನ್ ಇತ್ತು, ಅದರ ಕೊರಳು ಜೋತು ಎದೆಯ ಮೂಳೆ ಕಾಣುತ್ತಿತ್ತು.

"ಲೇ ತಾಯಮ್ಮ, ನಮ್ ಇನ್‌ಸ್ಪೆಟ್ರು ಬಂದವ್ರೆ, ಬೇವು ಬೆಲ್ಲ ತತ್ತಾ!"

ಅವರ ಹೆಂಡತಿ ತಾಯಮ್ಮ ತಟ್ಟೆ ಹಿಡಿದು ಬಂದರು. "ಬನ್ನಿ ಸಾರ್. ನಮ್ಮನೇಲಿ ಇವತ್ತೇ ಯುಗಾದಿ," ಎಂದರು. ತಮಾಷೆ ಮಾಡುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಮಾಡುತ್ತಿರಲಿಲ್ಲ. ಯುಗಾದಿಗೆ ಇನ್ನೂ ಒಂದೂವರೆ ತಿಂಗಳಿತ್ತು.

"ಅಲ್ಲೀಗಂಟ ಇರಲ್ಲ ಅಂತ ಡಾಕ್ಟ್ರೇ ಅಂದವ್ರೆ," ಎಂದರು ಪಿಳ್ಳಪ್ಪಣ್ಣ. "ಅದಕ್ಕೇ ಮುಂಚೇನೇ ಮಾಡ್ಬಿಡೇ ಅಂದೆ. ಒಬ್ಬಟ್ಟು ತಿನ್ದೆ ಓಗೋದಾ? ಊರೋರು ನಗ್ತಾರೆ, ನಗ್ಲಿ. ಅಯ್ನೋರ್ನ ಪಂಚಾಂಗ ಓದೋಕೆ ಕರೆದ್ರೆ ಆಗಲ್ಲ ಅಂದ್ರು. ಸಾಮಿ, ನಂಗೆ ವರ್ಷದ ಫಲ ಬ್ಯಾಡ, ವಾರದ್ದು ಯೋಳಿ ಸಾಕು ಅಂದೆ. ಕೋಪ ಮಾಡ್ಕೊಂಡು ಎದ್ದೋದ್ರು!"

ನಗುವುದಕ್ಕೆ ಹೋಗಿ ಕೆಮ್ಮು ಹತ್ತಿತು. ಬಹಳ ಹೊತ್ತು ಕೆಮ್ಮಿದರು. ತಾಯಮ್ಮ ಬೆನ್ನು ನೀವುತ್ತ, ಬಾಯಿ ಒರೆಸಿದ ಬಟ್ಟೆಯನ್ನು ನನಗೆ ಕಾಣದ ಹಾಗೆ ಮಡಚಿಕೊಂಡರು. ಕೆಂಪಗಿದ್ದದ್ದು ಕಂಡಿತು.

ಹಣ್ಣನ್ನು ತಾಯಮ್ಮನ ಕೈಗೆ ಕೊಟ್ಟು, ಬೇವು ಬೆಲ್ಲ ಬಾಯಿಗೆ ಹಾಕಿಕೊಂಡೆ. ವಿಪರೀತ ಕಹಿ. ಫೆಬ್ರವರಿಯಲ್ಲಿ ಬೇವು ಹೂವು ಬಿಟ್ಟಿರುವುದಿಲ್ಲ, ಬರೀ ಎಲೆ ಅರೆದು ಹಾಕಿದ್ದರು. ಒಬ್ಬಟ್ಟು ಬಂತು, ತುಪ್ಪ ಬಂತು. ಪಿಳ್ಳಪ್ಪಣ್ಣ ಗುಬ್ಬಿಯಷ್ಟು ತಿಂದು, ನನಗೆ ಇನ್ನೊಂದು ಹಾಕಿಸಿದರು. ನಾಳೆಗೆ ಏನು ಮಾಡುವುದೆಂದು ಯೋಚಿಸುತ್ತಿದ್ದರಂತೆ. ಗೌರಿ ಹಬ್ಬ ಮಾಡೋಣ ಎಂದರೆ ತಾಯಮ್ಮ ಬೈದರಂತೆ.

"ಶೆಡ್ಡಲ್ಲಿ ಕರೆಂಟ್ ಓದಾಗ ಎಲ್ರೂ ಬೈಯೋರು, ಗ್ಯಾಪ್ಕ ಐತಾ ಸಾರ್?" ಎಂದರು. "ನಾನು ಆಗ ಟೂಲ್ ಸಾಣೆ ಕಲ್ಲಿಗೆ ಇಡ್ಕೊಂಡು ಕುಂತಿರ್ತಿದ್ದೆ. ಈಗ್ಲೂ ಅಂಗೇ ಅನ್ಕೊಳಿ. ಇರೋದೇ ನಾಕ್ ದಿನ. ಅದ್ರಲ್ಲಿ ಮೂರು ದಿನ ಮಖ ಗಂಟಾಕ್ಕೊಂಡು ಕುಂತ್ರೆ ಇವ್ಳಿಗೇನು ಸಿಗ್ತದೆ?"

ಹೇಳಬೇಕಾದದ್ದನ್ನು ಹೇಳದೇ ಹೋದರೆ ಈ ಮನೆಯ ಹಬ್ಬ ಹಬ್ಬವಾಗಿಯೇ ಉಳಿಯುತ್ತದೆ ಎನಿಸಿತು. ಅಷ್ಟರಲ್ಲಿ ಅವರೇ ಆ ಮಾತು ತೆಗೆದರು.

"ನಂಗೊಂದು ಸಮಾಧಾನ ಸಾರ್. ಆವತ್ತು ಅಷ್ಟೂ ಶಾಫ್ಟು ಕೆಟ್ಟೋದ್ವಲ್ಲ. ನನ್ ಬೆರಳು ಸರಿ ಅಂತೈತೆ, ನಿಮ್ ಲಾಳ ಇಲ್ಲ ಅಂತೈತೆ. ತಲೆ ಕೆಟ್ಟೋಗಿತ್ತು. ಆಮೇಲೆ ಆಸ್ಪತ್ರೇಲಿ ಗಡ್ಡೆ ಅಂದಾಗ ಗೊತ್ತಾಯ್ತು. ಓ, ರೋಗ ಮೊದ್ಲು ಕೈಗೇ ಬಂದಿತ್ತು ಅಂತ. ಬಿಯೆಸ್ಸಿ ಓದಿದೋರು ನೋಡಿ ಯೋಳಿದ್ದು ಸುಳ್ಳಾಗ್ತದಾ?"

ಇನ್ನು ತಡೆಯಲಾಗಲಿಲ್ಲ. ಶಾಫ್ಟನ್ನು ತೆಗೆದು ಜಗುಲಿಯ ಮೇಲಿಟ್ಟೆ. "ಸುಳ್ಳಾಯ್ತು ಪಿಳ್ಳಪ್ಪಣ್ಣ," ಎಂದೆ. ಲಾಳ ಬಿದ್ದದ್ದು, ನಾನು ಮುಚ್ಚಿಟ್ಟದ್ದು, ಮೈಕ್ರೋಮೀಟರ್ ತೆಗೆಯದೇ ಇದ್ದದ್ದು, ಹಿಂದಿನ ವಾರ ಬಂದ ಚೀಟಿ, ಎಲ್ಲವನ್ನೂ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಕೆಂಪು ಬಣ್ಣ ನೋಡುತ್ತಿದ್ದೆ.

ಮೊದಲು ಮಾತಾಡಿದವರು ತಾಯಮ್ಮ. "ಎಲ್ಡು ವರ್ಷ," ಎಂದರು. "ಎಲ್ಡು ವರ್ಷ ಈ ಮನುಷ್ಯ ಎದ್ದು ತನ್ ಕೈ ನೋಡ್ಕೊಂಡು ಕುಂತಿರ್ತಿದ್ದ. ತಟ್ಟೆ ಜಾರಿದ್ರೆ, ನೋಡೇ, ನನ್ ಕೈ ಓಯ್ತು ಅನ್ನೋನು. ಇವತ್ತು ಬಂದ್ಯಾ ಹಣ್ಣು ತಗೊಂಡು? ಓದ್ಸಿದ್ದು ಇದಕ್ಕಾ ನಿನ್ನ ನಿಮ್ಮಪ್ಪ?"

ಅವರು 'ನೀವು' ಬಿಟ್ಟು 'ನೀನು' ಅಂದದ್ದು ಸರಿಯಾಗಿಯೇ ಇತ್ತು. ಮಣ್ಣು ತುಳಿದು ಬಿರುಕುಬಿಟ್ಟ ಅಪ್ಪನ ಪಾದ ನೆನಪಾಯಿತು.

ಪಿಳ್ಳಪ್ಪಣ್ಣ ಕೈ ಎತ್ತಿ ಆಕೆಯನ್ನು ಸುಮ್ಮನಾಗಿಸಿದರು. ಶಾಫ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು, ತೋರುಬೆರಳಿನ ನಡುವೆ ಈ ತುದಿಯಿಂದ ಆ ತುದಿಗೆ ಸವರಿದರು. ಮತ್ತೊಮ್ಮೆ ಸವರಿದರು. ಆಮೇಲೆ ನನ್ನ ಕಡೆ ಕೈಚಾಚಿ, "ಮೈಕ್ರೋಮೀಟ್ರು ತಂದಿದ್ದೀರಾ?" ಎಂದರು.

ಕೊಟ್ಟೆ. ಶೆಡ್ಡಿನಲ್ಲಿ ಒಂದು ದಿನವೂ ಅದನ್ನು ಅವರ ಕೈಗೆ ಕೊಟ್ಟಿರಲಿಲ್ಲ. ಅಲುಗದ ಹಾಗೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ತುದಿಯನ್ನು ಮೆಲ್ಲಗೆ ತಿರುಗಿಸಿದರು. ಕಟ್, ಕಟ್, ಕಟ್ ಎಂದು ಮೂರು ಸದ್ದಾಯಿತು. ನನ್ನ ಕನ್ನಡಕ ಇಸಿದುಕೊಂಡು ಗೀಟು ಓದಿದರು. ನಾಲ್ಕು ಕಡೆ ಅಳೆದರು. ತಾಯಮ್ಮ ಬಾಗಿಲಲ್ಲಿ ನಿಂತಿದ್ದರು.

"ಅಂಗಾದ್ರೆ ಕೈ ಸರಿಯಾಗಿತ್ತು," ಎಂದರು. ಮೈಕ್ರೋಮೀಟರನ್ನು ಪೆಟ್ಟಿಗೆಯಲ್ಲಿಟ್ಟು, "ರೋಗ ಬೇರೆ, ಕೈ ಬೇರೆ," ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಸಂತೋಷವೋ, ಎರಡು ವರ್ಷದ ಲೆಕ್ಕವೋ, ನನಗೆ ತಿಳಿಯಲಿಲ್ಲ. "ಅಲ್ಲ ಸಾರ್, ಒಂದ್ಸಲ ಹಿಡ್ದಿದ್ರೆ ಆಗ್ತಿತ್ತಲ್ಲ. ಬೀಗ ತೆಗ್ದು, ಒಂದ್ಸಲ."

ಅಷ್ಟೇ ಅವರು ನನ್ನನ್ನು ಅಂದದ್ದು. ಅದಕ್ಕಿಂತ ತಾಯಮ್ಮನ ಬೈಗುಳ ಹಗುರವಾಗಿತ್ತು.

ಆಮೇಲೆ ಕಂಬಳಿ ಸರಿಮಾಡಿಕೊಂಡರು. "ಸರಿ. ಪಾಸ್ ಅಂತ ಚೀಟಿ ಬರೀರಿ."

ಜೇಬಿನಲ್ಲಿ ಪೆನ್ನಿತ್ತು. ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ: ಟರ್ನರ್ ಪಿಳ್ಳಪ್ಪ ಮಾಡಿದ ಶಾಫ್ಟುಗಳು ಸರಿಯಾದ ಅಳತೆಯಲ್ಲಿವೆ. ಹಿಂದೆ ರಿಜೆಕ್ಟ್ ಮಾಡಿದ್ದು ತಪಾಸಣೆ ಮಾಡಿದವನ ತಪ್ಪು. ಪಾಸ್. ಕೆಳಗೆ ಬರೀ ಹೆಸರು ಬರೆದೆ. ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಬಿಯೆಸ್ಸಿ ಎಲ್ಲಿ?"

"ಬೇಡ ಬಿಡಿ ಪಿಳ್ಳಪ್ಪಣ್ಣ."

"ಬರೀರಿ ಸಾರ್. ಅದಿಲ್ದಿದ್ರೆ ನಮ್ಮೂರೋರು ನಂಬಲ್ಲ. ರಿಜೆಕ್ಟ್ ಮಾಡುವಾಗ ಬರೆದಿರಲಿಲ್ವಾ?"

ಬರೆದೆ. ಜೀವನದಲ್ಲಿ ಎಷ್ಟೋ ಸಾವಿರ ಸಲ ಬರೆದಿದ್ದ ಆ ಅಕ್ಷರಗಳನ್ನು ಅವತ್ತು ಬರೆಯಲು ಕೈ ಬರಲಿಲ್ಲ. ಸೊಟ್ಟಗೆ ಬಂದವು. ತಾಯಮ್ಮ ಬಂದು ಚೀಟಿ ತೆಗೆದುಕೊಂಡು, ನನ್ನ ಕಡೆ ನೋಡದೆ, ಒಳಗೆ ದೇವರ ಪಟದ ಹಿಂದೆ ಸಿಕ್ಕಿಸಿದರು.

ಹೊರಡುವಾಗ ಎರಡು ಗಂಟೆ. ಮೂರಕ್ಕೆ ಬೋರ್ಡಿನ ಹತ್ತಿರ ಬಸ್ಸಿತ್ತು. ಇನ್ನೊಂದು ರಜೆಗೆ ಬರುತ್ತೇನೆ ಎಂದೆ. "ಬನ್ನಿ, ದೀಪಾವಳಿ ಮಾಡೋಣ," ಎಂದರು. ಶಾಫ್ಟನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದೆ. ಅವರು ಬಿಡಲಿಲ್ಲ.

"ಇದಿರ್ಲಿ. ತಾಯಮ್ಮ, ಆ ಗೂಡಲ್ಲಿ ಎಮರಿ ಪೇಪರ್ ಇರ್ಬೇಕು, ನೋಡು."

ಆಕೆ ಹುಡುಕಿ, ಹಳೆಯದೊಂದು ಚೂರು ತಂದುಕೊಟ್ಟರು. ನನಗೆ ಹೋಗಿಬನ್ನಿ ಎಂದು ಹೇಳಲಿಲ್ಲ.

ಊರ ಬಾವಿಯ ಹತ್ತಿರ ದಾರಿ ತಿರುಗುತ್ತದೆ. ಅಲ್ಲಿ ನಿಂತು ಹಿಂದಕ್ಕೆ ನೋಡಿದೆ. ಮಾವಿನ ತೋರಣ ಬಿಸಿಲಿಗೆ ಬಾಡಿ ಜೋತಿತ್ತು. ಅದರ ಪಕ್ಕದಲ್ಲಿ ಜಗುಲಿಯ ಮೇಲೆ ಪಿಳ್ಳಪ್ಪಣ್ಣ ಬಗ್ಗಿ ಕೂತು, ಶಾಫ್ಟಿನ ತುದಿಯ ಕೆಂಪು ಬಣ್ಣವನ್ನು ಎಮರಿಯಿಂದ ಉಜ್ಜಿ ತೆಗೆಯುತ್ತಿದ್ದರು. ನಾಲ್ಕು ಸಲ ಉಜ್ಜುವುದು, ಉಸಿರು ಹಿಡಿಯಲು ನಿಲ್ಲುವುದು, ಮತ್ತೆ ಉಜ್ಜುವುದು. ನಾನು ಕೈ ಎತ್ತಿದೆ. ಅವರು ತಲೆ ಎತ್ತಲಿಲ್ಲ. ಕೆಲಸದಲ್ಲಿದ್ದರು.